ಅಪ್ಪ ಡಲ್ಲಾಸಿನಲ್ಲಿ, ಮಗಳು ಅಜ್ಜನ ಮನೆಯಲ್ಲಿ

ಮಾನ್ಯ ಮೇಷ್ಟ್ರೇ,

ನಿಮ್ಮ ನಾಲ್ಕು ಪುಟಗಳ ಪತ್ರವೂ ಲೆಕ್ಕದ ಪುಸ್ತಕದಿಂದ ಹರಿದು ಕಳುಹಿಸಿದ ಹಾಳೆಯೂ ತಲುಪಿವೆ. ಊರು, ಹೆಸರು ಬೇಡವೆಂದಿದ್ದೀರಿ. ಓದುಗರಿಗೆ ವಿಷಯ ತಿಳಿಯುವಷ್ಟನ್ನು ಮಾತ್ರ ಹೇಳುತ್ತೇನೆ. ಅಳಿಯ ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸಿನಲ್ಲಿ ಇಂಜಿನಿಯರ್. ಮಗಳು ಏಳು ವರ್ಷದ ಮೊಮ್ಮಗಳೊಡನೆ ನಿಮ್ಮ ಮನೆಯಲ್ಲಿದ್ದು, ಖಾಸಗಿ ಶಾಲೆಯಲ್ಲಿ ಪಾಠ ಹೇಳಿ ತಿಂಗಳಿಗೆ 22,000 ರೂಪಾಯಿ ಸಂಪಾದಿಸುತ್ತಾರೆ. ಅಳಿಯ ಕಳುಹಿಸುತ್ತಿದ್ದ 15,000 ರೂಪಾಯಿ ನಿಂತು 14 ತಿಂಗಳಾಯಿತು. ಈಗ 5 ಲಕ್ಷ ಕೊಡುತ್ತೇನೆ, ವಿಚ್ಛೇದನಕ್ಕೆ ಒಪ್ಪಿ ಸಹಿ ಹಾಕಿ, ಮಗುವಿನ ಹೆಸರಿನಲ್ಲಿ ಮುಂದೆ ಏನೂ ಕೇಳಬೇಡಿ ಎನ್ನುತ್ತಿದ್ದಾರೆ. ಅಷ್ಟು ದೂರದಲ್ಲಿರುವವರನ್ನು ನಮ್ಮ ಕೋರ್ಟು ಏನು ಮಾಡೀತು, ಬಂದದ್ದನ್ನು ತೆಗೆದುಕೊಂಡು ಸುಮ್ಮನಾಗುವುದೇ ಸರಿಯೇ ಎಂದು ಕೇಳಿದ್ದೀರಿ.

ಸುಮ್ಮನಾಗಬೇಡಿ. ಮೊದಲು ಆ 5 ಲಕ್ಷವನ್ನೇ ನೋಡೋಣ. ನಿಮ್ಮ ಹಾಳೆಯಲ್ಲಿ ಹಾಲು, ಊಟ, ಶಾಲೆಯ ವ್ಯಾನು, ಟ್ಯೂಷನ್ ಸೇರಿ ತಿಂಗಳಿಗೆ 8,500 ರೂಪಾಯಿ ಇದೆ. ವರ್ಷಕ್ಕೊಮ್ಮೆ ಕಟ್ಟುವ 48,000 ರೂಪಾಯಿ ಶುಲ್ಕ ಪತ್ರದಲ್ಲಿದೆ, ಹಾಳೆಯಲ್ಲಿಲ್ಲ. ಅದು ತಿಂಗಳಿಗೆ 4,000. ಸಮವಸ್ತ್ರ, ಪುಸ್ತಕ, ಬಟ್ಟೆ, ವೈದ್ಯರ ಖರ್ಚು ವರ್ಷಕ್ಕೆ 18,000 ಎಂದರೆ ಇನ್ನೊಂದು 1,500. ಒಟ್ಟು 14,000. ಈ ಲೆಕ್ಕದಲ್ಲಿ 5 ಲಕ್ಷ ಮೂರು ವರ್ಷ ತುಂಬುವ ಮೊದಲೇ ಮುಗಿಯುತ್ತದೆ. ಮೊಮ್ಮಗಳಿಗೆ 18 ತುಂಬಲು ಇನ್ನೂ 11 ವರ್ಷವಿದೆ. ಬೆಲೆ ಒಂದು ಪೈಸೆ ಏರದಿದ್ದರೂ 18,48,000 ರೂಪಾಯಿ ಬೇಕು. ಇನ್ನೊಂದು ಮಾತು: ಮಗುವಿನ ಜೀವನಾಂಶ ಮಗುವಿನ ಹಕ್ಕು. ತಾಯಿ ಸಹಿ ಹಾಕಿ ಅದನ್ನು ಬಿಟ್ಟುಕೊಡಲು ಬರುವುದಿಲ್ಲ.

ಅರ್ಜಿ ಹಾಕಲು ಮಗಳು ಅಮೆರಿಕಕ್ಕೆ ಹೋಗಬೇಕಿಲ್ಲ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಎನ್ನುತ್ತಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ತಾಯಿ ಮಗು ಎಲ್ಲಿ ವಾಸವಾಗಿದ್ದಾರೋ ಅಲ್ಲಿನ ಕೌಟುಂಬಿಕ ನ್ಯಾಯಾಲಯದಲ್ಲಿ, ಅದಿಲ್ಲದ ಕಡೆ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ (ಜೆಎಂಎಫ್‌ಸಿ) ನ್ಯಾಯಾಲಯದಲ್ಲಿ ಅರ್ಜಿ ಸಲ್ಲಿಸಬಹುದು. ಜೊತೆಯಲ್ಲೇ ಮಧ್ಯಂತರ ಜೀವನಾಂಶವನ್ನೂ, ಎಂದರೆ ಪ್ರಕರಣ ಮುಗಿಯುವವರೆಗಿನ ಹಣವನ್ನೂ, ಕೇಳಿ. ನೋಟಿಸ್ ತಲುಪಿದ 60 ದಿನಗಳೊಳಗೆ ಅದನ್ನು ಸಾಧ್ಯವಾದಷ್ಟೂ ತೀರ್ಮಾನಿಸಬೇಕೆಂದು ಕಾನೂನೇ ಹೇಳುತ್ತದೆ.

ಇನ್ನು ತಡ ಮಾಡಬೇಡಿ ಎಂದು ಕೈಮುಗಿದು ಕೇಳುವುದಕ್ಕೆ ಕಾರಣವಿದೆ. 2020ರ ನವೆಂಬರಿನಲ್ಲಿ ರಜನೀಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶವನ್ನು ಅರ್ಜಿ ಸಲ್ಲಿಸಿದ ದಿನದಿಂದ ಕೊಡಿಸಬೇಕು ಎಂದಿತು. ‘ನಾಳೆ ಕಳುಹಿಸಿಯಾರು’ ಎಂದು ಕಾದ 14 ತಿಂಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಹದಿನೈದನೆಯದೂ ಹಾಗೆ ಹೋಗುವುದು ಬೇಡ.

ಎಷ್ಟು ಕೇಳಬೇಕು? ಅಳಿಯನ ತಿಂಗಳ ಸಂಬಳ 8,000 ಡಾಲರ್, ಅದನ್ನು ರೂಪಾಯಿಗೆ ತಿರುಗಿಸಿ ಮೂರನೇ ಒಂದು ಭಾಗ ಕೇಳಿ ಎಂದು ನೆಂಟರು ಹೇಳಿದ್ದಾರಂತೆ. ಅದು ನಿಲ್ಲುವ ಲೆಕ್ಕವಲ್ಲ. ಅಳಿಯ ಡಾಲರಿನಲ್ಲಿ ದುಡಿಯುತ್ತಾರೆ, ತೆರಿಗೆ ಬಾಡಿಗೆಗಳನ್ನೂ ಡಾಲರಿನಲ್ಲೇ ಕಟ್ಟುತ್ತಾರೆ. ಮೊದಲು ಮಗುವಿನ ಖರ್ಚನ್ನು ರಸೀದಿ ಸಮೇತ ತೋರಿಸಿ, ಆಮೇಲೆ ತಂದೆಯ ಶಕ್ತಿಯನ್ನು ತೋರಿಸಿ. ಪದ್ಮಜಾ ಶರ್ಮಾ ಪ್ರಕರಣದಲ್ಲಿ 2000ದಲ್ಲಿ ಸುಪ್ರೀಂ ಕೋರ್ಟ್ ಮಾಡಿದ್ದು ಇದನ್ನೇ. ತಂದೆ ತಾಯಿ ಇಬ್ಬರೂ ದುಡಿಯುತ್ತಿದ್ದರು. ತಂದೆಯ ಸಂಬಳ ತಾಯಿಯದರ ಎರಡು ಪಟ್ಟಿಗೂ ಹೆಚ್ಚಿತ್ತು. ಒಂದೊಂದು ಮಗುವಿಗೂ ತಿಂಗಳಿಗೆ 3,000 ರೂಪಾಯಿ ಗೊತ್ತುಮಾಡಿ, ತಂದೆ ಎರಡು ಪಾಲು, ತಾಯಿ ಒಂದು ಪಾಲು ಹೊರಬೇಕೆಂದಿತು. ನಿಮ್ಮ ಮನೆಯ ವಿಚಾರದಲ್ಲಿ 22,000 ರೂಪಾಯಿಯ ಪಕ್ಕದಲ್ಲಿ ಅಲ್ಲಿನ ಸಂಬಳವನ್ನಿಟ್ಟರೆ, ಖರ್ಚೆಲ್ಲ ಕಳೆದ ಮೇಲೂ, ಬಹುಪಾಲು ತಂದೆಯ ಮೇಲೆಯೇ ಬೀಳುತ್ತದೆ. ಅಜ್ಜನ ಮನೆಯಲ್ಲಿ ಬಾಡಿಗೆಯಿಲ್ಲ ಎಂಬುದು ತಂದೆಯ ಪಾಲನ್ನು ಕಡಿಮೆ ಮಾಡುವ ಕಾರಣವಲ್ಲ.

ಆದರೆ 14,000ಕ್ಕೇ ನಿಲ್ಲಬೇಡಿ. ಅದು ನೀವು ಕೈ ಬಿಗಿಹಿಡಿದು ನಡೆಸುತ್ತಿರುವ ಖರ್ಚು. ತಂದೆಯ ಅಂತಸ್ತಿಗೆ ತಕ್ಕಂತೆ ಬೆಳೆಯುವುದೂ ಮಗುವಿನ ಹಕ್ಕು. ನಾನಾದರೆ 30,000ಕ್ಕೆ ಕಡಿಮೆ ಕೇಳುತ್ತಿರಲಿಲ್ಲ. ಅದನ್ನು ದುರಾಸೆ ಎಂದರೆ ಅವರದೇ ರಾಜ್ಯದ ಕಾನೂನು ತೋರಿಸಿ: ಟೆಕ್ಸಾಸಿನಲ್ಲಿ ಒಂದು ಮಗುವಿಗೆ ತಂದೆಯ ನಿವ್ವಳ ಆದಾಯದ ಶೇ 20 ಎಂಬುದು ಸಾಮಾನ್ಯ ಅಳತೆ. ತೆರಿಗೆ ಕಳೆದು 6,000 ಡಾಲರ್ ಉಳಿದರೂ ಮಗುವಿಗೆ 1,200 ಡಾಲರ್ ಆಗುತ್ತದೆ. ಸಂಬಳದ ಚೀಟಿ ನಿಮ್ಮಲ್ಲಿಲ್ಲ ಎಂದು ಅಂಜಬೇಡಿ. ಮೇಲೆ ಹೇಳಿದ 2020ರ ತೀರ್ಪಿನಂತೆ ಎರಡೂ ಕಡೆಯವರು ಆಸ್ತಿ, ಆದಾಯ, ಸಾಲವನ್ನೆಲ್ಲ ಪ್ರಮಾಣಪತ್ರದಲ್ಲಿ ಬರೆದುಕೊಡಲೇಬೇಕು.

ಈಗ ಕಷ್ಟದ ಭಾಗ, ವಸೂಲಿ. ಇಲ್ಲಿನ ಆದೇಶ ಡಲ್ಲಾಸಿನಲ್ಲಿ ತಾನಾಗಿ ಜಾರಿಯಾಗುವುದಿಲ್ಲ. ಮಕ್ಕಳ ಜೀವನಾಂಶದ ಆದೇಶವನ್ನು ಒಂದು ದೇಶದಿಂದ ಇನ್ನೊಂದು ದೇಶದಲ್ಲಿ ಜಾರಿಮಾಡಿಸುವ 2007ರ ಹೇಗ್ ಒಪ್ಪಂದಕ್ಕೆ ಅಮೆರಿಕ ಸೇರಿದೆ, ಭಾರತ ಸೇರಿಲ್ಲ. ಎಷ್ಟೋ ತಾಯಂದಿರು ಗೆದ್ದ ಆದೇಶವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಕೂರಬೇಕಾಗಿರುವುದು ಇದರಿಂದಲೇ. ಸರ್ಕಾರ ಇನ್ನೂ ಸೇರದಿರುವುದು ನನಗೆ ನೋವಿನ ಸಂಗತಿ. ಆದರೆ ಬೆಂಗಳೂರಿನಲ್ಲಿ ಅಳಿಯನ ಹೆಸರಿನಲ್ಲಿ ಬಾಡಿಗೆಗೆ ಕೊಟ್ಟ ಫ್ಲ್ಯಾಟ್ ಇದೆ ಎಂದು ಪತ್ರದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ. ಪತ್ರಕ್ಕೆಲ್ಲ ಬೆಲೆಬಾಳುವ ಸಾಲು ಅದು. ಹಣ ಬಾರದಿದ್ದರೆ ಆ ಆಸ್ತಿಯ ಜಪ್ತಿಗೆ ಕೋರಬಹುದು. ಅದರ ದಾಖಲೆಯ ನಕಲನ್ನು ಈಗಲೇ ಪಡೆದಿಟ್ಟುಕೊಳ್ಳಿ. ಬಾಕಿ ಬಿದ್ದ ಪ್ರತಿ ಕಂತಿಗೂ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಬೇಕೆಂಬುದು ನೆನಪಿರಲಿ. ಎಷ್ಟೋ ಜನ ಇಲ್ಲಿ ಕಳೆದುಕೊಳ್ಳುತ್ತಾರೆ.

ಪಾಸ್‌ಪೋರ್ಟ್ ಮುಟ್ಟುಗೋಲು ಹಾಕಿಸಬಹುದೇ ಎಂದಿದ್ದೀರಿ. ಕೋರ್ಟಿನ ಸಮನ್ಸ್ ಅಥವಾ ವಾರಂಟ್ ಹೊರಟಿದ್ದರೆ 1967ರ ಪಾಸ್‌ಪೋರ್ಟ್ ಕಾಯ್ದೆಯಲ್ಲಿ ಅದಕ್ಕೆ ದಾರಿಯಿದೆ. ಆದರೆ ಅಳಿಯನ ಕೆಲಸ ಹೋದರೆ ಮಗುವಿನ ಹಣವೂ ಹೋಗುತ್ತದೆ. ಅದು ಕೊನೆಗಿರಲಿ. ಇಲ್ಲಿ ಏನೂ ಗಿಟ್ಟದಿದ್ದರೆ ಟೆಕ್ಸಾಸಿನ ಕೋರ್ಟಿಗೇ ಅರ್ಜಿ ಹಾಕುವ ದಾರಿ ಉಂಟು. ಅಲ್ಲಿ ಆದೇಶವಾದರೆ ಕಂಪನಿಯೇ ಸಂಬಳದಿಂದ ಹಿಡಿದು ಕಟ್ಟುತ್ತದೆ. ಅಲ್ಲಿಂದ ವಿಚ್ಛೇದನದ ನೋಟಿಸ್ ಬಂದರೆ ಮೂಲೆಗೆ ಹಾಕಬೇಡಿ, ಅಂದೇ ವಕೀಲರಿಗೆ ತೋರಿಸಿ.

ವಕೀಲರ ಶುಲ್ಕದ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೂ ಮಕ್ಕಳಿಗೂ, ಆದಾಯ ಎಷ್ಟೇ ಇರಲಿ, ಉಚಿತ ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿ ನಿಮ್ಮೂರಿನ ಕೋರ್ಟಿನ ಆವರಣದಲ್ಲೇ ಇರುತ್ತದೆ, ಸಹಾಯವಾಣಿ 15100. ಮದುವೆಯ ದಾಖಲೆ, ಮಗುವಿನ ಜನನ ಪ್ರಮಾಣಪತ್ರ, ಹಿಂದೆ ಹಣ ಬಂದ ಬ್ಯಾಂಕ್ ಪಾಸ್‌ಬುಕ್, ಅಳಿಯನ ಇಮೇಲ್ ಮತ್ತು ಕಂಪನಿಯ ವಿಳಾಸ ಮಗಳ ಕೈಯಲ್ಲಿರಲಿ.

ಕೊನೆಗೊಂದು ವಿಷಯ, ನೀವು ಕೇಳದೇ ಇದ್ದದ್ದು. ಹಣ ಬರುವವರೆಗೆ ಮೊಮ್ಮಗಳನ್ನು ಅಪ್ಪನ ಜೊತೆ ಫೋನಿನಲ್ಲಿ ಮಾತನಾಡಿಸುವುದಿಲ್ಲ ಎಂದು ಬರೆದಿದ್ದೀರಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಮುಂದಿನ ಸಾಲಿನಲ್ಲೇ, ಬಿದ್ದ ಹಲ್ಲನ್ನು ಅಪ್ಪನಿಗೆ ತೋರಿಸಬೇಕೆಂದು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದಾಳೆ ಎಂದಿದ್ದೀರಿ. ಅವಳು ಯಾರಿಗೂ ಬಾಕಿ ಉಳಿಸಿಕೊಂಡಿಲ್ಲ, ಮೇಷ್ಟ್ರೇ. ಸೋಮವಾರ ಅರ್ಜಿಯ ಕೆಲಸಕ್ಕೆ ಹೋಗಿ. ಅದಕ್ಕೆ ಮೊದಲು, ಭಾನುವಾರ ಬೆಳಗ್ಗೆ ಎಂಟಕ್ಕೆ, ಅಲ್ಲಿ ಶನಿವಾರ ರಾತ್ರಿಯಾಗಿರುವಾಗ, ಫೋನು ಹಚ್ಚಿ ಅವಳ ಕೈಗೆ ಕೊಡಿ.

– ಸಂಪಾದಕ