ರಾಕಬಿಲಿ ಗಾಯಕಿಯ ದೀರ್ಘ ಪಯಣ

ಪ್ರಶ್ನೆ: ಅಮೆರಿಕದ ರಾಕಬಿಲಿ ಸಂಗೀತ ಕೆಲವೇ ವರ್ಷ ಮೆರೆದು ಹಿಂದೆ ಸರಿಯಿತೆಂದು ಓದಿದ್ದೇನೆ. ಹಾಗಿದ್ದರೆ ವಾಂಡಾ ಜಾಕ್ಸನ್ ಅದನ್ನು ನೆಚ್ಚಿ ಅರವತ್ತಕ್ಕೂ ಹೆಚ್ಚು ವರ್ಷ ಹಾಡಿದ್ದು ಹೇಗೆ?
– ಓದುಗರೊಬ್ಬರು, ಬ್ರಹ್ಮಪುರ, ಕಲಬುರಗಿ

ಉತ್ತರ: ಅದನ್ನೊಂದನ್ನೇ ನೆಚ್ಚಿ ಕೂರದಿದ್ದುದೇ ಕಾರಣವೆಂದು ನನಗೆ ತೋರುತ್ತದೆ. 1937ರಲ್ಲಿ ಓಕ್ಲಹೋಮಾದಲ್ಲಿ ಹುಟ್ಟಿದ ವಾಂಡಾ, 1954ರಲ್ಲಿ, ಇನ್ನೂ ಶಾಲೆಯಲ್ಲಿರುವಾಗಲೇ ಕಂಟ್ರಿ (ಅಮೆರಿಕದ ಹಳ್ಳಿಗಾಡಿನಲ್ಲಿ ಬೆಳೆದ ಸಂಗೀತ) ಗಾಯಕಿಯಾಗಿ ಧ್ವನಿಮುದ್ರಣ ಆರಂಭಿಸಿದರು; ಮರುವರ್ಷ ರಾಕ್ ಅಂಡ್ ರೋಲ್ ಗಾಯಕ ಎಲ್ವಿಸ್ ಪ್ರೀಸ್ಲಿಯವರೊಂದಿಗೆ ಊರೂರು ಸುತ್ತಿ ಹಾಡುವಾಗ, ಎಲ್ವಿಸ್ ಅವರ ಒತ್ತಾಸೆಯಿಂದಲೇ ರಾಕಬಿಲಿ ಎಂಬ ಹೊಸ ಶೈಲಿಗೆ ಹೊರಳಿದರು. ಕಂಟ್ರಿಯ ಧಾಟಿಗೆ, ಆಫ್ರಿಕನ್-ಅಮೆರಿಕನ್ನರ ಹಾಡುಗಾರಿಕೆಯಾದ ಬ್ಲೂಸ್‌ನ ಲಯ ಬೆರೆತ ಈ ಶೈಲಿಯ ಆರಂಭದ ಧ್ವನಿಮುದ್ರಣಗಳಲ್ಲಿ ಹಲವೊಮ್ಮೆ ಡ್ರಮ್ ಇರುವುದೇ ಇಲ್ಲ. ಆಳೆತ್ತರದ ಬಾಸ್ ವಾದ್ಯದ ತಂತಿಯನ್ನು ಎಳೆದು ಬಿಟ್ಟು, ಅಂಗೈಯಿಂದ ಅದರ ಪಟ್ಟಿಗೆ ಬಡಿದು ತಾಳ ಹುಟ್ಟಿಸುತ್ತಾರೆ. (ಏಕತಾರಿ, ದಮ್ಮಡಿಗಳಲ್ಲೇ ರಾತ್ರಿಯಿಡೀ ಸಾಗುವ ನಮ್ಮ ಭಾಗದ ತತ್ವಪದದ ಭಜನೆ ಕೇಳಿದವರಿಗೆ ಇದು ಅಚ್ಚರಿಯೆನಿಸದು.) ಇಂಥ ಲಯದ ಮೇಲೆ ವಾಂಡಾ ಗುರುಗುಟ್ಟುವಂತೆ ಕಂಠವನ್ನು ಒರಟುಗೊಳಿಸಿ ಹಾಡುತ್ತಿದ್ದರು, ಆ ಕಾಲದಲ್ಲಿ ಹೆಣ್ಣುಮಗಳೊಬ್ಬಳು ಹಾಗೆ ಹಾಡುವುದು ಸಣ್ಣ ಮಾತಾಗಿರಲಿಲ್ಲ.

ತಾಯ್ನಾಡಿಗಿಂತ ಮೊದಲು ಅವರನ್ನು ತಲೆಯ ಮೇಲೆ ಹೊತ್ತದ್ದು ಜಪಾನು. ಅಲ್ಲಿ ಅವರು 1959ರಲ್ಲಿ ಪ್ರವಾಸ ಮಾಡಿದರು. 1960ರಲ್ಲಿ ಅವರ ‘ಲೆಟ್ಸ್ ಹ್ಯಾವ್ ಎ ಪಾರ್ಟಿ’ ಹಾಡು ಅಮೆರಿಕದಲ್ಲಿಯೂ ಗೆದ್ದಿತಾದರೂ, ಅಷ್ಟರಲ್ಲಿ ರಾಕಬಿಲಿಯ ಅಬ್ಬರ ಇಳಿದಿದ್ದರಿಂದ ಅವರು ಕಂಟ್ರಿಗೆ ಮರಳಿದರು, ಎಪ್ಪತ್ತರ ದಶಕದಲ್ಲಿ ಕ್ರೈಸ್ತ ಭಕ್ತಿಗೀತೆಗಳತ್ತ ತಿರುಗಿದರು. ಎಂಬತ್ತರ ದಶಕದಲ್ಲಿ ಯುರೋಪಿನ ಯುವಕರು ಹಳೆಯ ಹಾಡುಗಳಿಗಾಗಿ ಮತ್ತೆ ಕರೆಸಿಕೊಂಡರು. 2009ರಲ್ಲಿ, ಆ ಸಂಗೀತದ ಸಾಧಕರನ್ನು ಗೌರವಿಸುವ ಸಂಸ್ಥೆಯಾದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನ ಗೌರವ ಸಂದಿತು. 2019ರಲ್ಲಿ ವೇದಿಕೆಯಿಂದ ನಿವೃತ್ತರಾದ ಮೇಲೂ, 2021ರಲ್ಲಿ ಒಂದು ಆಲ್ಬಮ್ ಹೊರತಂದರು. ಹೊಸದಾಗಿ ಕೇಳುವವರು 1956ರಿಂದ ಕ್ಯಾಪಿಟಲ್ ಎಂಬ ಧ್ವನಿಮುದ್ರಣ ಕಂಪನಿಗಾಗಿ ಅವರು ಹಾಡಿದವುಗಳಿಂದ ಆರಂಭಿಸುವುದು ಲೇಸು.