ಸಿಎನ್‌ಸಿ ಆಪರೇಟರ್ ಕೆಲಸದಿಂದ ಕ್ವಾಲಿಟಿಗೆ ಹೋಗುವುದು ಹೇಗೆ?

ಡಿಪ್ಲೊಮಾ ಇದೆ, ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಅನುಭವ ಇದೆ, ಆದರೂ ಕ್ವಾಲಿಟಿ ಇನ್‌ಸ್ಪೆಕ್ಟರ್ ಕೆಲಸದ ಸಂದರ್ಶನದಲ್ಲಿ ಕೈಬಿಡುತ್ತಿದ್ದಾರೆ ಎಂದು ನೀವು ಕೇಳಿದ್ದೀರಿ. ಹಾಗಿದ್ದರೆ ಸರ್ಟಿಫಿಕೇಟಿನ ಕೊರತೆ ಕಾರಣವಿರಲಾರದು. ಅಳೆಯಲು ನಿಮಗೆ ಬರುತ್ತದೆ. ಯಾವ ಅಳತೆಗೆ ಯಾವ ಉಪಕರಣ, ಯಾಕೆ ಅದೇ ಎಂದು ವಿವರಿಸುವಲ್ಲಿ ಎಡವುತ್ತಿರಬಹುದು. ಸಂದರ್ಶಕರು ಕೇಳಿದ ಪ್ರಶ್ನೆಗಳನ್ನು ನೀವು ಬರೆದಿಲ್ಲ, ಹಾಗಾಗಿ ಇದು ಊಹೆ.

ಡ್ರಾಯಿಂಗ್‌ನಿಂದ ಶುರುಮಾಡಿ. ರಂಧ್ರಕ್ಕೆ 25 ಎಚ್7 (25 ಮಿ.ಮೀ. ವ್ಯಾಸ, ಎಚ್7 ಎಂದರೆ ಎಷ್ಟು ವ್ಯತ್ಯಾಸ ಒಪ್ಪಬಹುದು ಎಂಬ ದರ್ಜೆ) ಎಂದಿದ್ದರೆ ಅಳತೆ 25.000ರಿಂದ 25.021 ಮಿ.ಮೀ. ಒಳಗಿರಬೇಕು. 0.02 ಮಿ.ಮೀ. ಲೀಸ್ಟ್ ಕೌಂಟಿನ (ಓದಬಹುದಾದ ಅತಿ ಚಿಕ್ಕ ಅಳತೆ) ವರ್ನಿಯರ್ ಇಲ್ಲಿ ನಡೆಯದು, ಇಡೀ ಟಾಲರೆನ್ಸೇ (ಒಪ್ಪುವ ವ್ಯತ್ಯಾಸ) ಹೆಚ್ಚುಕಡಿಮೆ ಅದರ ಒಂದು ಗೆರೆಯಷ್ಟು. ರಿಂಗ್ ಗೇಜಿನಲ್ಲಿ (ನಿಖರ ಒಳವ್ಯಾಸದ ಉಂಗುರ) ಸೆಟ್ ಮಾಡಿದ, 0.001 ಮಿ.ಮೀ. ಡಯಲ್ ಇರುವ ಬೋರ್ ಗೇಜ್ (ರಂಧ್ರದ ಒಳವ್ಯಾಸ ಅಳೆಯುವ ಉಪಕರಣ) ಬೇಕು. ಪೀಸ್‌ಗಳ ಸಂಖ್ಯೆ ಹೆಚ್ಚಿದ್ದರೆ ಗೋ, ನೋ-ಗೋ ಪ್ಲಗ್ ಗೇಜ್ (ಒಂದು ತುದಿ ರಂಧ್ರದೊಳಗೆ ಹೋಗಬೇಕು, ಇನ್ನೊಂದು ಹೋಗಬಾರದು) ಬಳಸುತ್ತಾರೆ. ಆದರೆ ಅದು ಪಾಸೋ ಫೇಲೋ ಅಷ್ಟೇ ಹೇಳುತ್ತದೆ. ಟೂಲ್ ಸವೆದು ಅಳತೆ ಜಾರುತ್ತಿರುವುದು ಗೊತ್ತಾಗುವುದಿಲ್ಲ. ನಡುವೆ ಬೋರ್ ಗೇಜಿನಿಂದ ರೀಡಿಂಗ್ ತೆಗೆದು ಬರೆದಿಡುವುದು ಅದಕ್ಕೇ. ಈ ಮಾತು ಹೇಳಿದವರನ್ನು ಸಂದರ್ಶಕರು ಗಮನಿಸುತ್ತಾರೆ.

ಆಮೇಲೆ ಡ್ರಾಯಿಂಗ್‌ನಲ್ಲಿ ಬರುವ ಡೇಟಮ್ (ಅಳತೆಗೆ ಆಧಾರವಾಗುವ ಮೇಲ್ಮೈ ಅಥವಾ ಅಕ್ಷ), ಪೊಸಿಷನ್ (ಇರಬೇಕಾದ ಜಾಗದಿಂದ ಎಷ್ಟು ಸರಿದಿದೆ), ರನ್‌ಔಟ್ (ತಿರುಗಿಸಿದಾಗಿನ ಓಲಾಟ) ಕಲಿಯಿರಿ. ಗೇಜ್ ಆರ್ ಅಂಡ್ ಆರ್ (ಉಪಕರಣ ಮತ್ತು ಅಳೆಯುವವರಿಂದ ಅಳತೆಯಲ್ಲಿ ಬರುವ ವ್ಯತ್ಯಾಸದ ಪಾಲು) ಶೇ. 10ರ ಒಳಗಿದ್ದರೆ ಒಳ್ಳೆಯದು, ಶೇ. 30 ದಾಟಿದರೆ ಆ ಅಳತೆ ವಿಧಾನವನ್ನು ಒಪ್ಪುವುದಿಲ್ಲ, ಇಷ್ಟು ತಿಳಿದಿರಲಿ.

ಎನ್‌ಡಿಟಿ (ವಸ್ತುವನ್ನು ಹಾಳುಮಾಡದೆ ದೋಷ ಪತ್ತೆಹಚ್ಚುವ ಪರೀಕ್ಷೆ) ಲೆವೆಲ್ 2 ಸರ್ಟಿಫಿಕೇಟಿಗೆ ಈಗಲೇ ದುಡ್ಡು ಹಾಕಬೇಡಿ. ವೆಲ್ಡಿಂಗ್, ಕಾಸ್ಟಿಂಗ್, ಪ್ರೆಷರ್ ವೆಸೆಲ್ ಕಡೆ ಹೋಗುವವರಿಗೆ ಅದು ಬೇಕು. ಮೆಷಿನ್ ಶಾಪಿಗೆ ಸಿಎಂಎಂ (ಮೂರು ಆಯಾಮಗಳಲ್ಲಿ ಅಳೆಯುವ ಯಂತ್ರ) ಕಲಿತರೆ ಹೆಚ್ಚು ಉಪಯೋಗ. ಈಗಿನ ಕೆಲಸದಲ್ಲೇ ಫಸ್ಟ್ ಪೀಸ್ ರಿಪೋರ್ಟ್ (ಮೊದಲ ಪೀಸಿನ ಅಳತೆಗಳ ವರದಿ) ತುಂಬುವ ಹೊಣೆಯನ್ನು ಸೂಪರ್‌ವೈಸರ್ ಹತ್ತಿರ ಕೇಳಿ ಪಡೆಯಿರಿ, ರೆಸ್ಯೂಮೆಯಲ್ಲಿ ಅದನ್ನೇ ಮೊದಲು ಬರೆಯಿರಿ.