ಫ್ಲೈಟ್ ಸಿಮ್ಯುಲೇಟರ್ (ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ) ಹುಚ್ಚು ನನ್ನ ಗೆಳೆಯರಿಗೆ ಅರ್ಥವಾಗುವುದಿಲ್ಲ, ಏನು ಮಾಡಲಿ?

ವಿವರಿಸಲು ಹೋಗಬೇಡಿ, ಕೂರಿಸಿ ಆಡಿಸಿ. ನಾನು ಚಿಕ್ಕಬಳ್ಳಾಪುರದವನು. 'ಈ ವಯಸ್ಸಲ್ಲಿ ವಿಡಿಯೋ ಗೇಮಾ?' ಅಂತ ನನ್ನನ್ನೂ ರೇಗಿಸುತ್ತಿದ್ದರು. ಒಬ್ಬನಂತೂ ಟೀ ಅಂಗಡಿಯಲ್ಲಿ 'ಪೈಲಟ್ ಸಾಹೇಬ್ರು ಬಂದ್ರು, ಜಾಗ ಬಿಡ್ರೋ' ಅನ್ನುತ್ತಿದ್ದ. ಗೇಮ್ ಅಂದರೆ ಅವರಿಗೆ ಗುಂಡು ಹಾರಿಸುವುದು, ಗೆಲ್ಲುವುದು. ಇದರಲ್ಲಿ ಶತ್ರುವೂ ಇಲ್ಲ, ಸ್ಕೋರಿನ ಗೋಜೂ ಇಲ್ಲ.

ಒಂದು ಭಾನುವಾರ ಅವನನ್ನೇ ಕೂರಿಸಿದೆ. ಸಣ್ಣ ಸೆಸ್ನಾ 172 ವಿಮಾನ, ಇಳಿಯಬೇಕಾದದ್ದು ದೇವನಹಳ್ಳಿಯ ರನ್‌ವೇ. ಅದು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಆಲ್ಟಿಮೀಟರ್ (ಸಮುದ್ರಮಟ್ಟದಿಂದ ಎತ್ತರ ತೋರಿಸುವ ಮೀಟರ್) 3,300 ತೋರಿಸುತ್ತಿತ್ತು. 'ಇನ್ನೂ ಬೇಜಾನ್ ಎತ್ತರ ಇದೆ ಬಿಡು' ಅಂದ. ನೆಲ ಇದ್ದದ್ದು ಬರೀ 300 ಅಡಿ ಕೆಳಗೆ! ಗಾಬರಿಯಲ್ಲಿ ಮೂತಿ ಮೇಲೆತ್ತಿದ, ವೇಗ ಬಿತ್ತು, ವಿಮಾನ ಸ್ಟಾಲ್ ಆಗಿ ಕುಸಿಯಿತು. (ಸ್ಟಾಲ್ ಅಂದರೆ ಎಂಜಿನ್ ಆಫ್ ಆಗುವುದಲ್ಲ. ಮೂತಿ ಜಾಸ್ತಿ ಎತ್ತಿದಾಗ ರೆಕ್ಕೆ ವಿಮಾನವನ್ನು ಹೊರಲಾರದೆ ಹೋಗುವುದು.)

ಆಮೇಲೆ ಸಂಜೆವರೆಗೂ ಅವನು ಕುರ್ಚಿ ಬಿಡಲಿಲ್ಲ. ಕೊನೆಗೆ ನಂದಿ ಬೆಟ್ಟ ಸುತ್ತಿ ಬಂದು, ಎರಡು ಸಲ ಕುಪ್ಪಳಿಸಿ ಇಳಿಸಿದ.

ಉಳಿದವರಿಗೆ ನಾನಿನ್ನೂ ಪೈಲಟ್ ಸಾಹೇಬನೇ. ಅವರನ್ನು ಒತ್ತಾಯ ಮಾಡಿಲ್ಲ, ಸುಮ್ನೆ ಜಗಳ ಯಾಕೆ ಅಲ್ವಾ?